ವ್ಯಾನು ಏಳು ಅಂದಿತು, ಭಾವ ಆರು ಅಂದರು

ನಮ್ಮ ಯಜಮಾನರ ಅಣ್ಣ ಮೂವತ್ತೆರಡು ವರ್ಷ ಬಸ್ ಕಂಡಕ್ಟರಾಗಿದ್ದವರು. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾರೆ. ಡ್ರೈವಿಂಗ್ ಗೊತ್ತಿಲ್ಲ. ಆದರೂ ನಮ್ಮ ವ್ಯಾನು ಅವರು ತಲೆ ಎಣಿಸದೆ ಹೊರಟದ್ದಿಲ್ಲ. ವಿಶಲ್ ಎರಡು ಸಲ ಊದಿದರೆ ಹೊರಡಬೇಕು, ಒಂದು ಸಲ ಊದಿದರೆ ನಿಲ್ಲಬೇಕು. ತಮ್ಮನ್ನು ಮಾತ್ರ ಎಣಿಸಿಕೊಳ್ಳುತ್ತಿರಲಿಲ್ಲ. "ಕಂಡಕ್ಟರ್ ಲೆಕ್ಕಕ್ಕೆ ಬರಲ್ಲ," ಅನ್ನುವರು.

ಮೊದಲನೆಯ ವ್ಯಾನಿಗೆ ಹಿಂದೆ ಒಂದೇ ಬಾಗಿಲು, ಒಳಗೆ ಎದುರುಬದುರು ಎರಡು ಬೆಂಚು. ರಸ್ತೆಯಲ್ಲಿ ಗುಂಡಿ ಸಿಕ್ಕರೆ ಮೊಣಕಾಲಿಗೆ ಮೊಣಕಾಲು ಡಿಕ್ಕಿ. ಬಾಗಿಲು ತೆಗೆದರೆ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಹದಿಮೂರು ಜನ ಹೋದದ್ದೂ ಉಂಟು, ಯಾರೂ ತಪ್ಪಿಹೋಗಲಿಲ್ಲ. ಎರಡನೆಯದಕ್ಕೆ ಮುಂದಕ್ಕೆ ಮುಖ ಮಾಡಿದ ಸೀಟು, ಪಕ್ಕಕ್ಕೆ ಸರಿಯುವ ಬಾಗಿಲು. ನನಗೆ ವಾಂತಿಯಾಗುವುದು ನಿಂತಿತು. ಭಾವ ಮಾತ್ರ ಎದ್ದು ನಿಂತು ಬಗ್ಗಿ ಬಗ್ಗಿ ಎಣಿಸಬೇಕಾಯಿತು.

ಯಜಮಾನರು ಹೋದ ಮೇಲೆ ಮಗ ಮೂರನೆಯದನ್ನು ತಂದ. ಬಟನ್ ಒತ್ತಿದರೆ ಬಾಗಿಲು ತಾನೇ ಸರಿಯುತ್ತದೆ, ಸದ್ದೇ ಇಲ್ಲ. ಸ್ಟೇರಿಂಗ್ ಮುಂದೆ ಎಂಟು ಸೀಟಿಗೆ ಎಂಟು ಪುಟ್ಟ ದೀಪ. ಕೂತು ಬೆಲ್ಟ್ ಹಾಕಿದರೆ ಹಸಿರು. ಹಾಕದಿದ್ದರೆ ಕೆಂಪು, ಜೊತೆಗೆ ಕುಂಯ್ ಕುಂಯ್ ಅಂತ ಕೂಗು. ಖಾಲಿ ಸೀಟಿನ ದೀಪ ಹತ್ತುವುದೇ ಇಲ್ಲ.

"ದೊಡ್ಡಪ್ಪ, ಇನ್ಮೇಲೆ ನೀವು ಎಣಿಸೋದು ಬೇಡ. ಇದೇ ಎಣಿಸುತ್ತೆ," ಅಂದ ಮಗ.

"ಇದಕ್ಕೆ ಎಷ್ಟು ವರ್ಷ ಸರ್ವಿಸ್ ಆಗಿದ್ಯಪ್ಪಾ?" ಅಂದರು ಭಾವ. ನಗಲಿಲ್ಲ.

ನನ್ನ ಹೊಲಿಗೆ ಮಿಷನ್ನನ್ನು ಮಗಳ ಮನೆಗೆ ಕೊಡಲು ಹೊರಟ ದಿನ ಭಾವ ಚಪ್ಪಲಿಯನ್ನೇ ಹಾಕಲಿಲ್ಲ.

"ನಾನು ಬಂದು ಏನ್ಮಾಡ್ಲಿ? ನನ್ನ ಸೀಟಲ್ಲಿ ಸಾಮಾನು ಇಟ್ಕೊಳ್ಳಿ."

"ಅಷ್ಟು ವರ್ಷ ಟಿಕೆಟ್ ಕೊಟ್ಟಿದ್ದೀರಿ, ಒಂದಿನ ಪ್ಯಾಸೆಂಜರ್ ಆಗಿ ಬನ್ನಿ ಭಾವ," ಎಂದು ಹೊರಡಿಸಿದೆ. ಹಿಂದಿನ ಸಾಲಿನ ಮೂಲೆಯಲ್ಲಿ ಕೂತರು. ಮಗ, ಸೊಸೆ, ಮೂರು ಮೊಮ್ಮಕ್ಕಳು, ಭಾವ, ನಾನು, ಒಟ್ಟು ಏಳು ಜನ. ಭಾವನ ಪಕ್ಕ ಒಂದು ಸೀಟು ಖಾಲಿ. ಮಿಷನ್ನು ನನ್ನ ಕಾಲ ಬುಡದಲ್ಲಿ.

ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ನಾನು ಇಳಿದು ಶೌಚಾಲಯಕ್ಕೆ ಹೋದೆ. ಹೇಳಿ ಹೋದೆನೋ ಇಲ್ಲವೋ, ಈಗಲೂ ನೆನಪಿಗೆ ಬರುತ್ತಿಲ್ಲ. ಮುಂದಿನದು ಅವರೆಲ್ಲ ಆಮೇಲೆ ಹೇಳಿದ್ದು. ಮಕ್ಕಳಿಗೆ ಕಾಲು ಚಾಚಲು ಜಾಗವಿಲ್ಲವೆಂದು ಸೊಸೆ ಮಿಷನ್ನನ್ನು ಎತ್ತಿ ನನ್ನ ಸೀಟಿನ ಮೇಲಿಟ್ಟಳು. ವ್ಯಾನು ಕುಂಯ್ ಎಂದಿತು. ಬೆಲ್ಟ್ ಹಾಕಿ ಮೇಲೆ ನನ್ನ ಶಾಲು ಹೊದಿಸಿದಳು. ಕೂಗು ನಿಂತಿತು. ಅತ್ತೆ ಹಿಂದಿನ ಖಾಲಿ ಸೀಟಿಗೆ ಹೋಗಿರಬೇಕು ಅಂದುಕೊಂಡಳಂತೆ.

"ಒಬ್ರು ಕಮ್ಮಿ ಇದ್ದಾರೆ ಕಣೋ," ಅಂದರು ಭಾವ.

"ಏಳೂ ದೀಪ ಹಸಿರು, ದೊಡ್ಡಪ್ಪ. ನಿಮ್ಮನ್ನ ನೀವೇ ಬಿಟ್ಟಿರ್ತೀರಿ!"

ಎಲ್ಲರೂ ನಕ್ಕರು. ವ್ಯಾನು ಹೊರಟಿತು. ಭಾವನಿಗೂ ತಲೆ ಗೊಂದಲವಾಯಿತಂತೆ. ಜೀವಮಾನದಲ್ಲೇ ಮೊದಲ ಸಲ ತಮ್ಮ ಎದೆಗೆ ಬೆರಳಿಟ್ಟು ಎಣಿಸಿದರು. "ನನ್ನನ್ನೂ ಸೇರಿಸಿ ಆರೇ!" ಎನ್ನುತ್ತ ಮುಂದೆ ಬಾಗಿ ಶಾಲು ಎಳೆದರು. ಜೇಬಿನಿಂದ ವಿಶಲ್ ತೆಗೆದು ಒಂದೇ ಸಲ, ಜೋರಾಗಿ ಊದಿದರು. ಮಗನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು.

ಒದ್ದೆ ಕೈಯಲ್ಲಿ ನಿಂತಿದ್ದ ನನಗೆ ಏನೂ ತಿಳಿಯಲಿಲ್ಲ. ನಮ್ಮಂಥದೇ ವ್ಯಾನೊಂದು ಹೋಗುತ್ತಿದೆ, ಇವರೆಲ್ಲ ಎಲ್ಲಿ ಹೋದರು ಎಂದು ನೋಡುತ್ತಿದ್ದೆ. ವಿಶಲ್ ಕೇಳಿದಾಗಲೇ ನಮ್ಮದೇ ಎಂದು ಗೊತ್ತಾದದ್ದು.

ಸದ್ದಿಲ್ಲದೆ ಬಾಗಿಲು ಸರಿಯಿತು. "ಹತ್ತಮ್ಮ, ಒಳಗೆ ಜಾಗ ಇದೆ," ಅಂದರು ಭಾವ.

ವಾಪಸು ಬರುವಾಗ ಮಗ ಬಾಗಿಲ ಪಕ್ಕದ ಸೀಟನ್ನು ದೊಡ್ಡಪ್ಪನಿಗೆ ಬಿಟ್ಟುಕೊಟ್ಟ. ಅದು ಈಗಲೂ ಅವರದೇ. ದೀಪ ಎಲ್ಲವೂ ಹಸಿರಾದರೂ ಮಗ ಎರಡು ವಿಶಲ್ಲಿಗೆ ಕಾಯುತ್ತಾನೆ. ನನ್ನನ್ನೂ ಮಿಷನ್ನನ್ನೂ ಒಂದೇ ಎಂದುಕೊಳ್ಳುವ ವ್ಯಾನನ್ನು ಜಾಣ ಅನ್ನಬೇಕೋ ಪೆದ್ದ ಅನ್ನಬೇಕೋ, ನನಗೆ ಇನ್ನೂ ಬಗೆಹರಿದಿಲ್ಲ. ಭಾವ ಎಣಿಸಿ ಮುಗಿಸುತ್ತಾರೆ, ತಮ್ಮನ್ನು ಮತ್ತೆ ಬಿಡುತ್ತಾರೆ.

"ನಿಮ್ಮದೂ ಒಂದು, ಭಾವ," ಎಂದು ಈಗ ನಾನೇ ಸೇರಿಸುತ್ತೇನೆ.