ರೇಷ್ಮೆ ಹುಳುಗಳ ಕೆಳಗಿದ್ದ ನಿಘಂಟು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳುಗಳಿಗೇ ಹೆಚ್ಚು ಜಾಗವಿತ್ತು. ಸಾದಲಿಯಿಂದ ಎರಡು ಮೈಲಿ ದೂರದ ಊರು ನಮ್ಮದು. ನಡುಮನೆಯ ತುಂಬ ಬಿದಿರಿನ ತಟ್ಟೆಗಳು, ಒಂದರ ಮೇಲೊಂದು, ಸೂರಿನವರೆಗೆ. ಹುಳುಗಳು ಮೇಯುವ ಚರಚರ ಸದ್ದು, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮನೆಯನ್ನೆಲ್ಲ ತುಂಬಿರುತ್ತಿದ್ದವು. ಹುಳುಗಳಿಗೆ ಘಾಟು ಆಗದೆಂದು ಅಮ್ಮ ಒಗ್ಗರಣೆಯನ್ನು ಹಿತ್ತಲಲ್ಲಿ ಹಾಕಿಕೊಂಡು ಬರುತ್ತಿದ್ದಳು. ಮಕ್ಕಳಾದ ನಾವು ಗೋಡೆಯ ಪಕ್ಕ ಸಿಕ್ಕಷ್ಟು ಜಾಗದಲ್ಲಿ ಮುದುರಿಕೊಂಡು ಮಲಗುತ್ತಿದ್ದೆವು.

ಅಕ್ಕ ಮಿಡ್ಲ್ ಸ್ಕೂಲು ಮುಗಿಸಿದ್ದಳು. ಹೈಸ್ಕೂಲು ಇದ್ದದ್ದು ಶಿಡ್ಲಘಟ್ಟದಲ್ಲಿ; ಅಷ್ಟು ದೂರ ಹೆಣ್ಣುಮಗಳನ್ನು ಕಳಿಸುವ ಮಾತೇ ಇರಲಿಲ್ಲ. ಮನೆಯಲ್ಲೇ ಓದಿ ಪರೀಕ್ಷೆಗೆ ಕೂರುತ್ತೇನೆಂದು ಅವಳು ಹಟ ಹಿಡಿದಿದ್ದಳು. ಸಾದಲಿಯಲ್ಲಿದ್ದ ವಯಸ್ಸಾದ ಮೇಷ್ಟ್ರೊಬ್ಬರು ಅವಳಿಗೆ ಒಂದೊಂದೇ ಪುಸ್ತಕ ಎರವಲು ಕೊಡುತ್ತಿದ್ದರು. ಹೇಳಿದ ದಿನಕ್ಕೆ, ಕೊಟ್ಟ ಹಾಗೆಯೇ ವಾಪಸು ಬರಬೇಕು. ಇಲ್ಲದಿದ್ದರೆ ಮುಂದಿನ ಪುಸ್ತಕವಿಲ್ಲ.

ಆ ಸಲ ಅವರು ಕೊಟ್ಟಿದ್ದು ಕನ್ನಡ ನಿಘಂಟು. ಮನೆಯಲ್ಲಿ ನಾವಾಡುತ್ತಿದ್ದುದು ತೆಲುಗು, ಹಾಗಾಗಿ ಪಾಠದ ಗಟ್ಟಿ ಪದಗಳು ಅಕ್ಕನಿಗೆ ಸಾಲುಸಾಲಿಗೂ ಅಡ್ಡ ಬರುತ್ತಿದ್ದವು. ಪುಸ್ತಕವೋ ಅಜ್ಜನ ಕಾಲದ್ದು. ರಟ್ಟು ಇರಲಿಲ್ಲ, ಹೊಲಿಗೆ ಬಿಟ್ಟಿತ್ತು, ಮೇಲಿನ ಅಂಚನ್ನು ಗೆದ್ದಲು ತಿಂದು ಪುಟದ ಸಂಖ್ಯೆಗಳೆಲ್ಲ ಮಾಯವಾಗಿದ್ದವು. ಅಕ್ಕ ಅದನ್ನು ದಾರದಿಂದ ಕಟ್ಟಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದಳು.

ನನಗೆ ಆ ಪುಸ್ತಕ ಕಂಡರೆ ಮೈಯೆಲ್ಲ ಉರಿ. ಯಾವ ಪದದ ಅರ್ಥ ಕೇಳಿದರೂ ಅಕ್ಕ, "ಅದರಾಗೆ ನೋಡ್ಕೊಳ್ಳೋ" ಅನ್ನುತ್ತಿದ್ದಳು. ನಾನು ಮೊದಲ ಹಾಳೆಯಿಂದ ಬೆರಳಿಟ್ಟು ಹುಡುಕಲು ಶುರುಮಾಡುತ್ತಿದ್ದೆ. ಹತ್ತು ಹಾಳೆಗೆ ಕಣ್ಣು ಉರಿಯುತ್ತಿತ್ತು, ಪದ ಸಿಗುತ್ತಿರಲಿಲ್ಲ. ಇದೊಂದು ಕೆಲಸಕ್ಕೆ ಬಾರದ ಪುಸ್ತಕ ಎಂದು ತೀರ್ಮಾನಿಸಿಬಿಟ್ಟೆ. ಒಂಬತ್ತು ವರ್ಷದವನ ತೀರ್ಮಾನ, ಕೇಳಬೇಕೆ!

ಒಂದು ಶನಿವಾರ ಬೆಳಿಗ್ಗೆ ಅಕ್ಕ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದಳು. ಅಪ್ಪ ಎಳೆ ಹುಳುಗಳನ್ನು ಹೊಸ ತಟ್ಟೆಗಳಿಗೆ ಬಿಡುತ್ತಿದ್ದರು. ಎಳೆ ಹುಳು ಬಿದಿರಿನ ಸಂದಿಯಲ್ಲಿ ಸಿಕ್ಕಿಕೊಳ್ಳದ ಹಾಗೆ ತಟ್ಟೆಗೆ ಕಾಗದ ಹಾಸುವುದು ನಮ್ಮ ಕಡೆಯ ರೂಢಿ. "ಹಳೇ ಕಾಗದ ಇದ್ರೆ ತಾರಪ್ಪ" ಎಂದರು. ನಾನು ಗೂಡಿನ ಬಳಿ ಹೋಗಿ ನಿಘಂಟಿನ ದಾರ ಬಿಚ್ಚಿದೆ. ಬೇಕೆಂದೇ ಬಿಚ್ಚಿದೆ, ಇಷ್ಟು ವರ್ಷವಾದ ಮೇಲೆ ಸುಳ್ಳೇಕೆ ಹೇಳಲಿ? ನಡುವಿನಿಂದ ಒಂದು ಹಿಡಿ ಹಾಳೆ ಎಳೆದು ಅಪ್ಪನ ಕೈಗೆ ಕೊಟ್ಟೆ. ಓದು ಬಾರದ ಅಪ್ಪ ಅದನ್ನು ಹಾಸಿ ಹುಳು ಬಿಟ್ಟರು. ಅಷ್ಟರಲ್ಲಿ ಗಾಳಿ ಬೀಸಿ ಉಳಿದ ಹಾಳೆಗಳೆಲ್ಲ ಅಂಗಳದ ತುಂಬ ಹಾರಾಡಿದವು. ಬಾಚಿ ತಂದು ಹೇಗೆ ಬಂತೋ ಹಾಗೆ ತುರುಕಿದೆ.

ಮಧ್ಯಾಹ್ನ ಅಕ್ಕ ಬಂದು ನೋಡಿದಳು. ಪುಸ್ತಕವನ್ನು ಹಿಂದಿರುಗಿಸಬೇಕಾದದ್ದು ಮಾರನೆಯ ದಿನ ಸಂಜೆ. ಅವಳು ತಟ್ಟೆಗಳ ಕಡೆ ಓಡಿದಳು, ಆದರೆ ಅಪ್ಪ ಅಡ್ಡ ನಿಂತರು. ಹುಳುಗಳು ಆಗಷ್ಟೇ ಜ್ವರಕ್ಕೆ ಕೂತಿದ್ದವು. ಹುಳು ಮೇವು ಬಿಟ್ಟು, ತಲೆಯೆತ್ತಿ, ಹಳೆಯ ಚರ್ಮ ಕಳಚಲು ಅಲ್ಲಾಡದೆ ಕೂರುವುದನ್ನು ನಾವು ಜ್ವರ ಅನ್ನುತ್ತೇವೆ. ಆಗ ಅವನ್ನು ಯಾರೂ ಮುಟ್ಟುವಂತಿಲ್ಲ.

"ಏಳೋವರೆಗೂ ಮುಟ್ಟಬಾರದು ಕಣಮ್ಮ. ಬೆಳೆಯೆಲ್ಲ ಹೋಗ್ತದೆ" ಎಂದರು ಅಪ್ಪ. ಅವರ ಮುಖವೂ ಸಣ್ಣಗಾಗಿತ್ತು.

ಅಮ್ಮ "ಏಮಿ ಪನಿರಾ ಇದಿ!" ಎಂದು, ಇದೆಂಥ ಕೆಲಸವೋ ಎಂದು ತೆಲುಗಿನಲ್ಲೇ ಬೈದು, ನನ್ನ ಬೆನ್ನಿಗೆ ಒಂದು ಬಿಟ್ಟಳು. ಅಕ್ಕ ಬೈಯಲಿಲ್ಲ. ತಟ್ಟೆಯ ಅಂಚಿನಲ್ಲಿ ಇಣುಕುತ್ತಿದ್ದ ಹಾಳೆಯನ್ನು ನೋಡುತ್ತಾ ನಿಂತಳು, ಕಣ್ಣು ತುಂಬಿ ಬಂದಿತ್ತು. ಅಮ್ಮನ ಏಟಿಗೆ ಅಳದ ನಾನು ಅದನ್ನು ನೋಡಿ ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕರೆದಳು. "ಅತ್ತಿದ್ದು ಸಾಕು ಬಾರೋ. ಇರೋದನ್ನಾದ್ರೂ ಜೋಡ್ಸಣ."

ಜಗಲಿಯ ಮೇಲೆ ಹಾಳೆಗಳನ್ನು ಹರಡಿ, ಹಾರದ ಹಾಗೆ ಕಲ್ಲು ಇಟ್ಟೆವು. ಸಂಖ್ಯೆಗಳಿಲ್ಲ, ಪದಗಳನ್ನೇ ನೋಡಿ ಜೋಡಿಸಬೇಕು. ಮೊದಲು ಅಕ್ಷರಕ್ಕೊಂದು ರಾಶಿ ಮಾಡಿಸಿದಳು. ಆಮೇಲೆ 'ಕ' ರಾಶಿಯನ್ನು ನನ್ನ ಮುಂದೆ ತಳ್ಳಿ ಕಾಗುಣಿತ ಹೇಳು ಎಂದಳು. ಕ, ಕಾ, ಕಿ, ಕೀ ಎಂದು ರಾಗವಾಗಿ ಹೇಳುತ್ತಾ ಹೋದರೆ ಹಾಳೆಗಳು ತಾವೇ ಸಾಲಾಗಿ ಬಂದವು. ಎರಡು ಹಾಳೆಗಳು ಒಂದೇ ಅಕ್ಷರದಿಂದ ಶುರುವಾದರೆ ಎರಡನೆಯ ಅಕ್ಷರ ನೋಡಬೇಕು. ಅದೂ ಒಂದೇ ಆದರೆ ಮೂರನೆಯದು. ಒತ್ತಕ್ಷರದ 'ಕ್ರಮ', 'ಕ್ಷಮೆ'ಗಳೆಲ್ಲ 'ಕೌ' ಮುಗಿದ ಮೇಲೆ. ಶಾಲೆಯಲ್ಲಿ ಗಿಳಿಪಾಠದಂತೆ ಒಪ್ಪಿಸಿದ್ದ ಕಾಗುಣಿತ ಇದಕ್ಕೇ ಇರುವುದೆಂದು ನನಗೆ ಅವತ್ತೇ ತಿಳಿದದ್ದು!

ನನ್ನ ಹಳೆಯ ತಪ್ಪನ್ನೂ ಅವಳೇ ಹಿಡಿದಳು. ನಾನು 'ಓಡಿದರು' ಎಂಬುದನ್ನು ಇದ್ದ ಹಾಗೆಯೇ ಹುಡುಕುತ್ತಿದ್ದೆ. ಬಾಲ ಬಿಡಿಸಿ 'ಓಡು' ನೋಡಬೇಕಂತೆ. ಸಿಕ್ಕ ಮೊದಲ ಅರ್ಥಕ್ಕೇ ಪುಸ್ತಕ ಮುಚ್ಚಬಾರದಂತೆ. ಎಲ್ಲ ಅರ್ಥ ಓದಿ, ಪಾಠದ ಸಾಲಿಗೆ ಯಾವುದು ಕೂರುತ್ತದೆಂದು ಇಟ್ಟು ನೋಡಬೇಕಂತೆ. ಹೊತ್ತು ಮುಳುಗುವವರೆಗೂ ಕೂತೆವು. ನಡುನಡುವೆ ಯಾವುದೋ ಹೊಸ ಪದ ಸಿಕ್ಕಿ ಅಕ್ಕ ಕೆಲಸವನ್ನೇ ಮರೆತು ಓದುತ್ತಿದ್ದಳು.

ಭಾನುವಾರ ಮಧ್ಯಾಹ್ನ ಹುಳುಗಳು ಎದ್ದವು. ಅಪ್ಪ ಎಳೆ ಸೊಪ್ಪು ಹೆಚ್ಚಿ ಉದುರಿಸಿದರು. ಹಸಿದ ಹುಳುಗಳು ಅದರ ಮೇಲೆ ಹತ್ತಿದವು. ಸೊಪ್ಪಿನ ಸಮೇತ ಅವನ್ನೆತ್ತಿ ಬೇರೆ ತಟ್ಟೆಗೆ ಬಿಟ್ಟು, ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಕೊಟ್ಟರು. ಎಲ್ಲವೂ ಇದ್ದವು, ಆದರೆ ಮೈತುಂಬ ಹಸಿರು ಕಲೆ. ಹಿಕ್ಕೆ ಕೊಡವಿ, ಬಿಸಿಲಿಗೆ ಒಣಗಿಸಿ, ಅವುಗಳ ಜಾಗಕ್ಕೆ ಸೇರಿಸಿದೆವು.

ಸಂಜೆ ಪುಸ್ತಕ ಹಿಡಿದು ಅಕ್ಕ, ನಾನು ಸಾದಲಿಗೆ ನಡೆದೆವು. ಮೇಷ್ಟ್ರು ಕಲೆಯಾದ ಹಾಳೆಗಳನ್ನು ತಿರುವಿ ಕನ್ನಡಕದ ಮೇಲಿನಿಂದ ನೋಡಿದರು.

"ನಂದೇ ತಪ್ಪು ಸಾರ್" ಎಂದಳು ಅಕ್ಕ.

ನನಗೆ ತಡೆಯಲಾಗಲಿಲ್ಲ. "ಇಲ್ಲ ಸಾರ್, ನಾನೇ ಬೇಕೂಂತ ಹುಳದ ತಟ್ಟೆಗೆ ಹಾಸೋಕೆ ಕೊಟ್ಟಿದ್ದು. ಅವಳಿಗೆ ಪುಸ್ತಕ ಕೊಡೋದು ನಿಲ್ಲಿಸ್ಬೇಡಿ" ಎಂದೆ.

"ಜೋಡ್ಸಿದ್ದು ಯಾರು?"

"ಇಬ್ರೂ ಸಾರ್."

ಅವರು ಪುಸ್ತಕವನ್ನು ನನ್ನ ಮುಂದಿಟ್ಟರು. "'ಮೊಳಕೆ' ಅನ್ನೋ ಪದ ತೆಗಿ."

ಈ ಸಲ ಮೊದಲ ಹಾಳೆಗೆ ಹೋಗಲಿಲ್ಲ. ಅರ್ಧ ದಾಟಿಸಿ ತೆರೆದೆ, 'ಬ' ಬಂತು. ಮುಂದೆ ಹೋದೆ, 'ಮೈ' ಬಂತು. ಮನಸ್ಸಿನಲ್ಲೇ ಕಾಗುಣಿತ ಹೇಳಿಕೊಂಡು ಎರಡು ಹಾಳೆ ಮುಂದೆ ತಿರುವಿ, ಬೆರಳಿಟ್ಟೆ. ಮೇಷ್ಟ್ರು ಒಳಗೆ ಹೋದರು. ಹೊರಗೆ ಬಂದಾಗ ಅವರ ಕೈಯಲ್ಲಿ ಇನ್ನೊಂದು ಪುಸ್ತಕವಿತ್ತು. ಅದನ್ನು ನನ್ನ ಕೈಗೇ ಕೊಟ್ಟು, "ಜೋಪಾನವಾಗಿ ಹೊತ್ಕೊಂಡು ಹೋಗಪ್ಪ, ನಿಮ್ಮಕ್ಕ ಓದ್ಬೇಕು" ಎಂದರು. ಅಕ್ಕ ಆ ವರ್ಷ ಪಾಸಾದಳು. ಅದರ ಮುಂದಿನದನ್ನು ಓದಿಸುವವರು ಯಾರೂ ಇರಲಿಲ್ಲ.

ಈಗಿನ ಮಕ್ಕಳಾದ ನೀವು ಫೋನಿಗೆ ಬಾಯಲ್ಲಿ ಕೇಳುತ್ತೀರಿ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಅರ್ಥ ಹೇಳುತ್ತದೆ. ನಮ್ಮ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತೇನೆಂದು ಕಾಯುತ್ತಿದ್ದೀರೇನೋ, ಹೇಳುವುದಿಲ್ಲ. ಒಂದು ಪದಕ್ಕಾಗಿ ನೀವು ಎರಡು ಮೈಲಿ ನಡೆಯಬೇಕಿಲ್ಲ, ಯಾರ ಮುಂದೆಯೂ ಕೈ ಕಟ್ಟಿ ನಿಲ್ಲಬೇಕಿಲ್ಲ. ನೀವು ಸಲೀಸಾಗಿ ಕೇಳಿ, ಸಲೀಸಾಗಿ ಮರೆತು ಎದ್ದು ಹೋಗುವಾಗ ನನಗೆ ಅಕ್ಕನ ನೆನಪಾಗುತ್ತದೆ. ಇಷ್ಟೆಲ್ಲ ಅವಳ ಕೈಗೆ ಸಿಕ್ಕಿದ್ದರೆ ಅವಳು ಇನ್ನೂ ಎಷ್ಟು ಓದುತ್ತಿದ್ದಳೋ!