ಭಾನುವಾರದ ಆಯಿಲ್ ಕಡ್ಡಿ

ಅಪ್ಪ ತೀರಿಕೊಂಡ ಮೇಲೆ ಅಣ್ಣನೂ ನಾನೂ ಭಾಗ ಮಾಡಿಕೊಂಡೆವು. ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ, ದನ, ಕೊನೆಗೆ ಹಿತ್ತಾಳೆ ಕೊಳಗದವರೆಗೆ ಎಲ್ಲವೂ ಎರಡು ಪಾಲಾಯಿತು. ಪಾಲಾಗದೆ ಉಳಿದದ್ದು ಅಪ್ಪನ ಡೀಸೆಲ್ ಜೀಪು ಒಂದೇ. ಆಗಲೇ ಅದಕ್ಕೆ ಇಪ್ಪತ್ತು ವರ್ಷ ದಾಟಿತ್ತು. ಒಂದು ವಾರ ಅಣ್ಣನದು, ಒಂದು ವಾರ ನನ್ನದು, ಭಾನುವಾರ ಸಂಜೆ ಕೈ ಬದಲಾಯಿಸುವುದು, ಎಂಜಿನ್ ಕೆಟ್ಟು ನಿಂತ ದಿನ ಮಾರಿಬಿಡುವುದು ಎಂದು ಊರಿನ ಹಿರಿಯರು ತೀರ್ಮಾನ ಮಾಡಿದರು. ಇಬ್ಬರೂ ತಲೆ ಆಡಿಸಿದೆವು.

ಎರಡು ಸಾವಿರದ ಇಸವಿ ಕಳೆದ ಮೊದಲ ಕೆಲವು ವರ್ಷಗಳ ಮಾತು ಇದು. ನಮ್ಮದು ಅಂಬಾಜಿದುರ್ಗದ ಬುಡದ ಊರು. ನಾನು ಚಿಂತಾಮಣಿಯ ಪ್ರೌಢಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು, ಜೊತೆಗೆ ರೇಷ್ಮೆ. ಅಣ್ಣ ಪೂರ್ತಿ ಬೇಸಾಯ. ಅವನು ಊರಿನ ಆ ತುದಿಯಲ್ಲಿ ಹೊಸ ಮನೆ ಕಟ್ಟಿಕೊಂಡ. ಹಬ್ಬಕ್ಕೂ ಹೋಗಿ ಬರುವುದು ನಿಂತುಹೋಗಿತ್ತು. ಅವನು ನನ್ನ ಅಂಗಳಕ್ಕೆ ಕಾಲಿಡುತ್ತಿದ್ದದ್ದು ಜೀಪು ಬಿಡಲು, ನಾನು ಅವನ ಅಂಗಳಕ್ಕೆ ಹೋಗುತ್ತಿದ್ದದ್ದೂ ಅಷ್ಟಕ್ಕೇ. ಆ ಎಂಜಿನ್ ನಿಂತರೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲು ಕಾರಣವೇ ಇರುವುದಿಲ್ಲ ಎಂದು ನನಗೆ ಒಳಗೊಳಗೇ ಭಯವಿತ್ತು. ಆ ಭಯವನ್ನು ನಾನು ತೋರಿಸಿದ್ದು ಮಾತ್ರ ಅನುಮಾನದ ರೂಪದಲ್ಲಿ.

ಅನುಮಾನಕ್ಕೆ ಕಾರಣ ಇರಲಿಲ್ಲ ಅಂತಲ್ಲ. ಅಣ್ಣನ ಹತ್ತಿರ ಕುಂಟೆಯಿಂದ ನೀರೆತ್ತುವ ಒಂದು ಹಳೇ ಡೀಸೆಲ್ ಪಂಪ್‌ಸೆಟ್ ಇತ್ತು. ಜೀಪಿಗೆ ಹಾಕುವ ಆಯಿಲ್ಲೇ ಅದಕ್ಕೂ ಆಗುತ್ತಿತ್ತು. ಒಂದು ಭಾನುವಾರ ಅವನು ಜೀಪು ತಂದು ನಿಲ್ಲಿಸಿದ ಕೂಡಲೇ ನಾನು ಸುಮ್ಮನೆ ಬಾನೆಟ್ ಎತ್ತಿ, ಎಂಜಿನ್ನಿನಲ್ಲಿ ಆಯಿಲ್ ಎಷ್ಟಿದೆಯೆಂದು ನೋಡುವ ಕಡ್ಡಿ ಎಳೆದು ನೋಡಿದೆ. ಕಡ್ಡಿಯ ಮೇಲೆ ಎರಡು ಗೆರೆ ಇರುತ್ತವೆ. ಆಯಿಲ್ ಮೇಲಿನ ಗೆರೆಯ ಹತ್ತಿರ ಇರಬೇಕು. ಅವತ್ತು ಅದು ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ. ಕಳೆದ ವಾರ ನಾನು ಕೊಡುವಾಗ ಸರಿಯಾಗೇ ಇತ್ತು ಎಂದೇ ನನ್ನ ನಂಬಿಕೆ. ವಾರದಲ್ಲಿ ಅಷ್ಟು ಆಯಿಲ್ ಎಲ್ಲಿಗೆ ಹೋಯಿತು? ಪಂಪ್‌ಸೆಟ್ಟಿನ ಹೊಟ್ಟೆಗೆ ಹೋಯಿತು ಎಂದು ನನ್ನ ತಲೆ ತಕ್ಷಣ ಲೆಕ್ಕ ಹಾಕಿಬಿಟ್ಟಿತು.

ಬಾಯಿ ಬಿಟ್ಟು ಕೇಳಿದ್ದರೆ ಎಲ್ಲ ಅಲ್ಲೇ ಮುಗಿಯುತ್ತಿತ್ತು. ನಾನು ಕೇಳಲಿಲ್ಲ. ಅವನು ಹೋದ ಮೇಲೆ ಮೇಲಿನ ಗೆರೆ ಬರುವಷ್ಟು ಸುರಿದೆ. ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಆವತ್ತಿನ ತಾರೀಖು, ಗೆರೆಗಿಂತ ಎಷ್ಟು ಕಡಿಮೆ ಎಂದು ಬರೆದಿಟ್ಟೆ. ಮೇಷ್ಟ್ರ ಬುದ್ಧಿ, ಎಲ್ಲಕ್ಕೂ ಪುರಾವೆ ಬೇಕು.

ಅಲ್ಲಿಂದ ಅವನು ಜೀಪು ತಂದಾಗಲೆಲ್ಲ ಅದೇ ಪಾಠ. ನಮ್ಮ ಅಂಗಳ ಬೀದಿಯಿಂದ ಮನೆಬಾಗಿಲಿಗೆ ಏರು. ಜೀಪು ಮೂತಿ ಮೇಲೆತ್ತಿಕೊಂಡು ನಿಲ್ಲುತ್ತಿತ್ತು. ಅವನು ಇಳಿಯುವ ಮುಂಚೆಯೇ ನಾನು ಬಾನೆಟ್ ಎತ್ತಿರುತ್ತಿದ್ದೆ. ಕಡ್ಡಿ ಒರೆಸಿ, ಮತ್ತೆ ಇಳಿಸಿ, ಬೆಳಕಿಗೆ ಹಿಡಿದು, ಅವನಿಗೆ ಕಾಣುವ ಹಾಗೆ ತಲೆ ಅಲ್ಲಾಡಿಸುತ್ತಿದ್ದೆ. ಪ್ರತಿ ಸಲವೂ ಕಡಿಮೆ. ಅವನು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಪಕ್ಕದಲ್ಲಿ ನಿಂತಿರುತ್ತಿದ್ದ.

"ಹಳೇ ಎಂಜಿನ್ನು ಕಣೋ, ಸ್ವಲ್ಪ ಕುಡಿತದೆ" ಅಂದ ಒಂದು ಸಲ.

"ನನ್ ವಾರದಲ್ಲಿ ಕುಡಿಯಲ್ವಲ್ಲಣ್ಣ" ಅಂದೆ.

ಅವನ ಮುಖ ಸಣ್ಣದಾಯಿತು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಹೆಂಡತಿ ಒಳಗಿನಿಂದ "ಕಾಫಿಗಾದರೂ ಕರೀರಿ" ಎಂದಳು. ಅಷ್ಟರಲ್ಲಿ ಅವನು ಬೀದಿ ತಿರುವು ದಾಟಿದ್ದ.

ಎರಡು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಆಯಿಲ್ ಸರಿಯಾಗಿ ಮೇಲಿನ ಗೆರೆಗೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಸಮಾಧಾನಪಡುತ್ತಿದ್ದರು. ನನಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಪಂಪ್‌ಸೆಟ್ಟಿನಿಂದ ತೆಗೆದ ಸುಟ್ಟ ಆಯಿಲ್ಲನ್ನು ಇದಕ್ಕೆ ತುಂಬಿ ಗೆರೆ ಮುಟ್ಟಿಸಿದ್ದಾನೆ ಅಂದುಕೊಂಡೆ. ಬೆರಳ ಮಧ್ಯೆ ಉಜ್ಜಿ ನೋಡಿದೆ, ಮೂಸಿ ನೋಡಿದೆ. ಕಪ್ಪಗಿತ್ತು. ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿದ ಎರಡೇ ದಿನಕ್ಕೆ ಕಪ್ಪಾಗುತ್ತದೆ ಎಂಬುದು ಗೊತ್ತಿದ್ದೂ ಅವತ್ತು ಅದು ನೆನಪಾಗಲಿಲ್ಲ. ಕೆಟ್ಟ ಆಯಿಲ್ಲಿಗೆ ಸ್ವಲ್ಪ ಒಳ್ಳೆಯದು ಬೆರೆಯಲಿ ಎಂದು ಅರ್ಧ ಲೀಟರ್ ಹೊಸದನ್ನು ಅದರ ಮೇಲೇ ಸುರಿದೆ.

ಮುಂದಿನ ಸಲ ಜೀಪು ಅಣ್ಣನ ಹತ್ತಿರ ಇದ್ದಾಗಲೇ ನನ್ನ ಗೂಡು ಬಿಡಿಸುವ ದಿನ ಬಂತು. ರೇಷ್ಮೆ ಗೂಡು ಕಾಯುವುದಿಲ್ಲ, ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಬಿಡುತ್ತದೆ. ಅಣ್ಣನ ಮುಂದೆ ಹೋಗಿ ನಿಲ್ಲಲು ಮನಸ್ಸಿಲ್ಲದೆ ಹೆಂಡತಿಯ ಕೈಲಿ ಫೋನ್ ಮಾಡಿಸಿದೆ. ಅವನು ಬೆಳಕು ಹರಿಯುವ ಹೊತ್ತಿಗೆ ಜೀಪಿನ ಸಮೇತ ಬಂದು, ತಾನೇ ಚೀಲಗಳನ್ನು ಹೊತ್ತು ಹಾಕಿದ. "ನಡಿ, ನಾನೇ ಓಡಿಸ್ತೀನಿ" ಅಂದ. ಇಷ್ಟು ಒಳ್ಳೆಯತನ ಯಾಕೆ ಎಂದು ನಾನು ದಾರಿಯುದ್ದಕ್ಕೂ ಯೋಚಿಸುತ್ತಾ ಕೂತಿದ್ದೆ.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೋಗುವ ರಸ್ತೆಯಲ್ಲಿ ಒಂದು ಏರು ಹತ್ತುವಾಗ ಹಿಂದೆ ನೀಲಿ ಹೊಗೆ ಎದ್ದಿತು. ಎಂಜಿನ್ನಿನ ಸದ್ದು ಏರುತ್ತಾ ಹೋಯಿತು. ಅಣ್ಣ ಕ್ಲಚ್ ಒತ್ತಿದ. ಸದ್ದು ಕಿರುಚಾಟವಾಯಿತು.

"ಆಕ್ಸಿಲೇಟರಿಂದ ಕಾಲು ತೆಗಿಯಣ್ಣ!"

"ಕಾಲು ಮೇಲೇ ಐತೆ ನೋಡೋ!"

ಎಂಜಿನ್ ಸಿಡಿದುಹೋಗುವ ಹಾಗಿದ್ದ ಆ ಗಳಿಗೆಯಲ್ಲೂ ನಾನು ಬಗ್ಗಿ ನೋಡಿದೆ. ಅವನ ಬಲಗಾಲು ನಿಜವಾಗಿ ಗಾಳಿಯಲ್ಲಿತ್ತು. ಎಂಜಿನ್ ನಿಲ್ಲಿಸುವ ಸ್ಟಾಪರನ್ನು ಅವನು ಕೀಳುವ ಹಾಗೆ ಎಳೆದ. ಡೀಸೆಲ್ ನಿಂತಿತು, ಎಂಜಿನ್ ನಿಲ್ಲಲಿಲ್ಲ. ಕೊನೆಗೆ ಟಾಪ್ ಗೇರಿಗೆ ಹಾಕಿ, ಎರಡೂ ಕೈಯಿಂದ ಸ್ಟಿಯರಿಂಗ್ ಹಿಡಿದು ಬ್ರೇಕ್ ಒತ್ತಿ, ಕ್ಲಚ್ಚನ್ನು ಒಮ್ಮೆಲೇ ಬಿಟ್ಟ. ಜೀಪು ಒಂದು ಸಲ ಕುಪ್ಪಳಿಸಿ ಸತ್ತುಹೋಯಿತು.

ಅದೇ ಮಾರ್ಕೆಟ್ಟಿಗೆ ಹೊರಟಿದ್ದ ಪಕ್ಕದ ಊರಿನವರ ಟೆಂಪೋ ಬಂತು. ಚೀಲಗಳನ್ನು ಅದಕ್ಕೆ ಏರಿಸಿದೆವು. "ನೀನು ಗೂಡಿನ ಜೊತೆ ಹೋಗಪ್ಪ, ಜೀಪು ನಾನು ನೋಡ್ಕೊತೀನಿ" ಅಂದ ಅಣ್ಣ. ನಾನು ಹೋಗಲಿಲ್ಲ. ತಿಂಗಳಿಡೀ ಸಾಕಿದ ಗೂಡನ್ನು ಯಾರದೋ ಕೈಗೆ ಒಪ್ಪಿಸಿದೆ, ಒಡಹುಟ್ಟಿದ ಅಣ್ಣನನ್ನು ಮೆಕ್ಯಾನಿಕ್ಕಿನ ಹತ್ತಿರ ಒಬ್ಬನನ್ನೇ ಬಿಡಲು ಮನಸ್ಸಾಗಲಿಲ್ಲ. ಅವನು ಮೊದಲೇ ಹೋಗಿ ಏನಾದರೂ ಹೇಳಿಕೊಟ್ಟರೆ?

ಟ್ರ್ಯಾಕ್ಟರಿಗೆ ಕಟ್ಟಿ ಚಿಂತಾಮಣಿಗೆ ಎಳೆದು ತಂದೆವು. ಮೆಕ್ಯಾನಿಕ್ ಅಪ್ಪನ ಕಾಲದಿಂದ ಈ ಜೀಪು ನೋಡಿದವನು. ಅವನು ಸ್ಟಾರ್ಟ್ ಮಾಡುವ ಗೋಜಿಗೇ ಹೋಗಲಿಲ್ಲ. ಕೆಳಗೆ ಮಲಗಿ, ಆಯಿಲ್ ನಿಲ್ಲುವ ಚೇಂಬರಿನ ನಟ್ಟು ಬಿಚ್ಚಿದ. ಬೇಸಿನ್ ತುಂಬಿತು. ಕಾಲಿನಿಂದ ಇನ್ನೊಂದು ಡಬ್ಬ ಎಳೆದುಕೊಂಡ. ಅದೂ ಅರ್ಧವಾಯಿತು.

"ಎಂತ ಪನಿ ಚೇಸಿನಾರು ಸಾಮಿ!" ಎಂಥಾ ಕೆಲಸ ಮಾಡಿದಿರಿ ಎಂದು ತೆಲುಗಿನಲ್ಲಿ ಹೇಳುತ್ತಾ ಹಣೆ ಚಚ್ಚಿಕೊಂಡ. "ಎರಡು ಲೀಟರ್ ಜಾಸ್ತಿ ಐತೆ ಮೇಷ್ಟ್ರೇ. ಒಳಗೆ ಜಾಗ ಇಲ್ದೆ ಆಯಿಲ್ ಉಕ್ಕಿ ಗಾಳಿ ಪೈಪಿಗೆ ಹೋಗೈತೆ. ಎಂಜಿನ್ನು ಡೀಸೆಲ್ ಬಿಟ್ಟು ಅದನ್ನೇ ಕುಡ್ಕೊಂಡು ಓಡೈತೆ. ಯಾರು ಹಾಕಿದ್ದು ಇಷ್ಟು?"

ನಾನು ಗೆದ್ದವನ ಹಾಗೆ ಜೇಬಿನಿಂದ ನೋಟ್‌ಬುಕ್ ತೆಗೆದೆ. ಪ್ರತಿ ಸಲವೂ ಕಡಿಮೆ ಇತ್ತು, ಕಡಿಮೆ ಇದ್ದಷ್ಟನ್ನೇ ನಾನು ಹಾಕಿದ್ದು, ಬರೆದಿಟ್ಟಿದ್ದೇನೆ ಎಂದೆ.

"ಯಾವಾಗ ನೋಡ್ತಿದ್ರಿ?"

"ಅಣ್ಣ ತಂದು ನಿಲ್ಲಿಸಿದ ತಕ್ಷಣ."

"ಬಿಸಿ ಎಂಜಿನ್ನಾಗೆ? ನಿಮ್ಮ ಆ ಏರು ಅಂಗಳದಾಗೆ?" ಮೆಕ್ಯಾನಿಕ್ ನಗಲಿಲ್ಲ. "ಆಗ ಆಯಿಲ್ಲೆಲ್ಲ ಮೇಲೆ, ಹಿಂದೆ ಇರ್ತದೆ ಮೇಷ್ಟ್ರೇ, ಕಡ್ಡಿ ಕಮ್ಮಿ ತೋರಿಸ್ತದೆ. ಇಳಿಯಕ್ಕೆ ಬಿಡಬೇಕು. ಸಮನಾದ ಜಾಗದಾಗೆ, ತಣ್ಣಗಾದ ಮೇಲೆ, ಬೆಳಿಗ್ಗೆ ನೋಡಬೇಕು."

ಆದರೂ ಎರಡು ಲೀಟರ್ ಎಂದರೆ ನಾನೊಬ್ಬನೇ ಹಾಕಿದ್ದಲ್ಲ. ಅಣ್ಣನ ಕಡೆ ತಿರುಗಿದೆ. ಅವನು ನೆಲ ನೋಡುತ್ತಾ ಹೇಳಿದ.

"ನಾನೂ ಹಾಕ್ತಿದ್ದೆ ಕಣೋ. ನಿನಗೆ ತಂದು ಕೊಡೋ ಮುಂಚೆ, ಒಂದಷ್ಟು. ನೀನು ಕಡ್ಡಿ ಹಿಡ್ಕೊಂಡು ತಲೆ ಆಡಿಸ್ತಿದ್ದಲ್ಲ, ಅದು ನೋಡಕ್ಕಾಗ್ತಿರಲಿಲ್ಲ."

ಆಮೇಲೆ ನನ್ನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಒಂದೊಂದೇ ಹಾಳೆ ತಿರುವಿದ. ಅವನು ಓದಿದ್ದು ಏಳನೇ ಕ್ಲಾಸು. ಗಣಿತದ ಮೇಷ್ಟ್ರಿಗೆ ಕಾಣದ್ದು ಅವನಿಗೆ ಕಂಡಿತು.

"ಇದೆಲ್ಲಾ ನಾನು ತಂದುಕೊಟ್ಟ ದಿನಗಳೇ ಅಲ್ವೇನಪ್ಪ? ನಿನ್ ವಾರದಾಗೆ ಒಂದು ದಿನಾನೂ ಯಾಕೆ ನೋಡ್ಲಿಲ್ಲ?"

ನನ್ನ ವಾರದಲ್ಲಿ ಜೀಪು ನನ್ನ ಕೈಯಲ್ಲೇ ಇತ್ತು, ನೋಡುವ ಅಗತ್ಯವೇ ಕಂಡಿರಲಿಲ್ಲ. ಒಂದು ಬೆಳಿಗ್ಗೆ ಆ ಬಾನೆಟ್ ಎತ್ತಿದ್ದರೂ ಸಾಕಿತ್ತು.

ನಾವು ಪುಣ್ಯ ಮಾಡಿದ್ದೆವು, ಬೇರಿಂಗುಗಳು ಉಳಿದಿದ್ದವು. ಗಾಳಿ ಪೈಪು ತೊಳೆದು, ಸೋರುತ್ತಿದ್ದ ಸೀಲು ಬದಲಾಯಿಸಿ, ಹೊಸ ಆಯಿಲ್ ತುಂಬಿ ಎಂಟು ದಿನಕ್ಕೆ ಜೀಪು ಹೊರಗೆ ಬಂತು. ಅದನ್ನು ಬಿಡಿಸಿಕೊಂಡು ಬಂದವನು ಅಣ್ಣ. ಭಾನುವಾರ ಸಂಜೆ ತಂದು, ಅಂಗಳಕ್ಕೆ ಏರಿಸದೆ ಬೀದಿಯ ಸಮನಾದ ಜಾಗದಲ್ಲಿ ನಿಲ್ಲಿಸಿದ. ನಾನು ಬಾನೆಟ್ಟಿನ ಹತ್ತಿರ ಹೋಗಲಿಲ್ಲ.

"ನಾಳೆ ಬೆಳಿಗ್ಗೆ ನೋಡಿದ್ರಾಯ್ತು ಬಿಡಣ್ಣ" ಅಂದೆ.

"ನಾನು ಹೋದ್ಮೇಲೆ ನೀನೊಬ್ಬನೇ ನೋಡ್ತೀಯಾ? ಅದು ಬ್ಯಾಡ" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೂ ಈಗ ನಂಬಿಕೆ ಇಲ್ಲಪ್ಪ. ಬೆಳಿಗ್ಗೆ ತನಕ ಇಲ್ಲೇ ಇರ್ತೀನಿ."

ತಮಾಷೆಗೆ ಅಂದನೋ ನಿಜಕ್ಕೂ ಅಂದನೋ ಎಂದು ಅವನ ಮುಖ ನೋಡಿದೆ, ತಿಳಿಯಲಿಲ್ಲ. ಭಾಗವಾದ ಮೇಲೆ ಮೊದಲ ಸಲ ಅವನು ನನ್ನ ಮನೆಯಲ್ಲಿ ಮುದ್ದೆ ಉಂಡ. ಮತ್ತೊಂದು ಮುದ್ದೆ ಹಾಕಲು ಬಂದ ನನ್ನ ಹೆಂಡತಿಗೆ ಬೇಡ ಎನ್ನಲಿಲ್ಲ. ಜಗಲಿಯಲ್ಲಿ ಚಾಪೆ ಹಾಸಿಕೊಂಡು ಮಲಗಿದ.

ಬೆಳಿಗ್ಗೆ ನಾನು ಎದ್ದು ಬಾಗಿಲು ತೆಗೆದಾಗ ಚಾಪೆ ಸುತ್ತಿಟ್ಟಿತ್ತು. ಹಳೇ ಚಾಳಿ, ಅವನು ಮೊದಲೇ ಹೋಗಿ ನೋಡಿರುತ್ತಾನೆ, ಏನೋ ಸುರಿದಿರುತ್ತಾನೆ ಎಂದು ಬರಿಗಾಲಲ್ಲೇ ಬೀದಿಗೆ ಓಡಿದೆ. ಅಣ್ಣ ಜೀಪಿನ ಪಕ್ಕದಲ್ಲಿ ಟವೆಲ್ ಹೊದ್ದು ಚಳಿಗೆ ಮುದುರಿ ಕೂತಿದ್ದ. ಇಬ್ಬನಿ ಬಾನೆಟ್ಟಿನ ಮೇಲೆ ಹಾಗೇ ಇತ್ತು, ಒಂದು ಬೆರಳಿನ ಗುರುತೂ ಇರಲಿಲ್ಲ.

"ಎಷ್ಟೊತ್ತೋ ಏಳೋದು" ಅಂದ. "ನೀನು ಬರ್ಲಿ ಅಂತ ಕಾಯ್ತಾ ಇದೀನಿ."