ಲೇಹ್ಯ ತಿಂದವರನ್ನು ಹುಡುಕಿಕೊಂಡು

ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾನು ಹೊನ್ನಾಳಿ, ಚನ್ನಗಿರಿ ಸುತ್ತಿನ ಹಳ್ಳಿಗಳಲ್ಲಿ ಬಳೆ ಮಾರುತ್ತಾ ತಿರುಗುತ್ತಿದ್ದೆ. ಬಸುರಿಯರಿಗೆ ಹಸಿರು ಬಳೆ ತೊಡಿಸಲು ಮನೆಮನೆಗೂ ಕರೆಯುತ್ತಿದ್ದರು. ನಮಗೆ ಮಾತ್ರ ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಿರಲಿಲ್ಲ. ಜನರ ಮಾತು ತಾಳಲಾರದೆ ಹೆಂಡತಿ ಜಗಳೂರಿನ ತವರಿಗೆ ಹೋದಳು. ಅಲ್ಲಿ ಅಣ್ಣನ ತಾಯಿಯಿಲ್ಲದ ಮಕ್ಕಳನ್ನು ನೋಡಿಕೊಳ್ಳುತ್ತಾ ಉಳಿದುಬಿಟ್ಟಳು. ಇತ್ತ ನಾನೇ ಬೇಯಿಸಿಕೊಂಡು, ಗೋಡೆ ನೋಡುತ್ತಾ ಉಣ್ಣುತ್ತಿದ್ದೆ.

ದೋಷ ಗಂಡಸಿನಲ್ಲೂ ಇರಬಹುದೆಂದು ಮೊದಲು ಹೇಳಿದವರು ನ್ಯಾಮತಿಯ ಹಕೀಮರು. ಅಶ್ವಗಂಧ, ಜೇನು ಹಾಕಿದ ಲೇಹ್ಯ ಕೊಟ್ಟು, ಇದನ್ನು ತಿಂದು ಮಕ್ಕಳಾದವರು ಸಾಸ್ವೆಹಳ್ಳಿಯಲ್ಲೂ ಸಂತೇಬೆನ್ನೂರಿನಲ್ಲೂ ಇದ್ದಾರೆ ಎಂದರು. ಬೇಸಿಗೆಯಿಡೀ ತಿಂದೆ. ನಿದ್ದೆ ಚೆನ್ನಾಗಿ ಬಂತು. ಅದಕ್ಕಿಂತ ಹೆಚ್ಚಿನದು, ಹೆಂಡತಿಯಿಲ್ಲದ ಮನೆಯಲ್ಲಿ ತಿಳಿಯುವುದಾದರೂ ಹೇಗೆ? ಹೇಗೂ ಆ ಊರುಗಳಿಗೆ ಹೋಗುತ್ತೇನಲ್ಲ, ತಿಂದವರನ್ನೇ ಕೇಳೋಣ ಎಂದುಕೊಂಡೆ.

ಸಾಸ್ವೆಹಳ್ಳಿಯ ರೈತ ಮಗನನ್ನು ಎತ್ತಿಕೊಂಡೇ ಮಾತಾಡಿದ. ಲೇಹ್ಯ ಶುರುಮಾಡುವ ಮೊದಲೇ ಹೆಂಡತಿ ಬಸುರಾಗಿದ್ದಳಂತೆ. ಆಮೇಲೆ ತಿಂಗಳು ಎಣಿಸಿದಾಗ ಗೊತ್ತಾಯಿತಂತೆ. ಸಂತೇಬೆನ್ನೂರಿನ ನೇಕಾರ ಲೇಹ್ಯ ಹಿಡಿದಾಗಲೇ ಹೆಂಡ ಬಿಟ್ಟಿದ್ದ. ಯಾವುದರಿಂದ ಮಗಳು ಹುಟ್ಟಿದಳೋ ತನಗೂ ತಿಳಿಯದು ಎಂದು ನಕ್ಕ. ಕತ್ತಲಗೆರೆಯಲ್ಲಿ, ಹಕೀಮರು ಹೆಸರೇ ಎತ್ತದ ಒಬ್ಬ ಸಿಕ್ಕ. ಬಹಳ ಕಾಲ ತಿಂದಿದ್ದ, ಮಕ್ಕಳಾಗಿರಲಿಲ್ಲ. ಹಕೀಮರಿಗೆ ತಿಳಿಸಿದಿರಾ ಎಂದು ಕೇಳಿದೆ.

"ಏನಂತ ಹೇಳಾಕೆ ಹೋಗ್ಲಿ? ನಾಚಿಕೆ ಆಗ್ತೈತೆ," ಎಂದ.

ಮಾತು ಮುಗಿದ ಮೇಲೂ ಇಬ್ಬರೂ ಜಗುಲಿಯಿಂದ ಏಳಲಿಲ್ಲ.

ಹಕೀಮರಿಗೆ ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಮಕ್ಕಳಾದೋರು ಸಿಹಿ ತಗೊಂಡು ಬರ್ತಾರೆ. ಆಗದೋರು ಈ ಕಡೆ ತಲೆನೇ ಹಾಕಲ್ಲ. ನಂಗೆ ಹೆಂಗೆ ಗೊತ್ತಾಗಬೇಕು?" ಎಂದರು. ನಾನು ಲೇಹ್ಯ ನಿಲ್ಲಿಸಿದೆ.

ಆ ಸುದ್ದಿ ಹೊತ್ತು ಜಗಳೂರಿಗೆ ಹೋದೆ. ಹೆಂಡತಿ ಜೋಳ ಕೇರುತ್ತಾ ಕೊನೆಯವರೆಗೂ ಕೇಳಿದಳು. ಇನ್ನು ಔಷಧಿಯ ಗೊಡವೆ ಬೇಡ, ಮನೆಗೆ ಬಾ ಎಂದೆ. ಅಣ್ಣನ ಕಿರಿಮಗಳು ಅವಳ ಸೆರಗು ಹಿಡಿದು ನಿಂತಿದ್ದಳು.

"ಇವನ್ನ ಬಿಟ್ಟು ಹೆಂಗೆ ಬರ್ಲಿ? ಅಲ್ಲಿಗೆ ಬಂದ್ರೆ ನಾವಿಬ್ರೂ ಒಂಟಿನೇ ಅಲ್ವೇನ್ರೀ," ಎಂದಳು.

ನಾನು ಒತ್ತಾಯ ಮಾಡಲಿಲ್ಲ. ಆಮೇಲೆ ಹಬ್ಬಗಳಿಗೆ ಹೋಗಿಬರುತ್ತಿದ್ದೆ. ಮಕ್ಕಳು ಮಾವ ಎಂದು ಓಡಿಬರುತ್ತಿದ್ದವು. ಮಾರನೆಯ ಬೆಳಗ್ಗೆ ಅವಳು ಬುತ್ತಿ ಕಟ್ಟಿಕೊಟ್ಟು, ಬಸ್ಸು ಬರುವವರೆಗೆ ಜೊತೆಗೆ ನಿಲ್ಲುತ್ತಿದ್ದಳು.